‘ಸಬ್ಜೆಕ್ಟ್ ಟು’ ಮೀಮಾಂಸೆ

ಪೀಠಿಕೆ

ಕನ್ನಡನಾಡಿನಲ್ಲಿ ದಿನವೊಂದಕ್ಕೆ ‘ಸಬ್ಜೆಕ್ಟ್ ಟು’ ಎಂಬ ಪದಪುಂಜವನ್ನು ಎಷ್ಟು ಬಾಯಿಗಳು ಎಷ್ಟು ಸಲ ಉಚ್ಚರಿಸುತ್ತವೆ ಎಂಬುದನ್ನು ಪ್ರಸ್ತುತ ಸಂಶೋಧಕ ಎಣಿಸಲು ಹೊರಟಿದ್ದ. ಎಣಿಕೆಯ ಯೋಜನೆಗೆ ಹಣ ಸಿಗುವುದೇ ‘ಸಬ್ಜೆಕ್ಟ್ ಟು ಫಂಡ್ಸ್’ ಎಂದು ಉತ್ತರ ಬಂದದ್ದರಿಂದ ಆ ಉತ್ತರವನ್ನೇ ಮೊದಲ ದಾಖಲೆಯಾಗಿ ಸ್ವೀಕರಿಸಿ ಈ ಪ್ರಬಂಧವನ್ನು ಆರಂಭಿಸಲಾಗಿದೆ.

ಸಂಶೋಧಕನಿಗೆ ಈ ವಿಷಯದ ಗೀಳು ಹತ್ತಿದ್ದು ಹೈಸ್ಕೂಲಿನಲ್ಲಿ. ರಜಾ ಅರ್ಜಿಯಲ್ಲಿ ‘ಸಬ್ಜೆಕ್ಟ್’ ಎಂದರೆ ವಿಷಯ. ಮಾರ್ಕ್ಸ್ ಕಾರ್ಡಿನಲ್ಲಿ ಗಣಿತ. ಇಂಗ್ಲಿಷ್ ವ್ಯಾಕರಣದ ಪೀರಿಯಡ್ಡಿನಲ್ಲಿ ಅದೇ ಕರ್ತೃ, ಚರಿತ್ರೆಯ ಪೀರಿಯಡ್ಡಿನಲ್ಲಿ ದೊರೆಗೆ ಕೈಮುಗಿದು ನಿಂತ ಪ್ರಜೆ. ಹತ್ತೂವರೆಗೆ ಕರ್ತೃವಾಗಿದ್ದವನು ಹನ್ನೊಂದೂಕಾಲಿಗೆ ಪ್ರಜೆಯಾಗುವ ಈ ಪವಾಡದ ನಡುವೆ ‘ಸಬ್ಜೆಕ್ಟ್ ಟು’ ಎಂದರೆ ಎರಡನೆಯ ಸಬ್ಜೆಕ್ಟು ಎಂದು ಆತ ಪ್ರಾಮಾಣಿಕವಾಗಿ ನಂಬಿದ್ದ. ಹಾಗಾದರೆ ಸಬ್ಜೆಕ್ಟ್ ಒನ್ ಯಾವುದು ಎಂದು ಕೇಳಿದ್ದಕ್ಕೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಬೆಂಚಿನಿಂದ ಮಾತ್ರ ಇಳಿಯಲಾಗಿದೆ.

ವ್ಯುತ್ಪತ್ತಿ ವಿಚಾರ

ಲ್ಯಾಟಿನ್ನಿನಲ್ಲಿ ‘ಸಬ್’ ಎಂದರೆ ಕೆಳಗೆ; ಉಳಿದರ್ಧದ ಮೂಲ ಎಸೆಯುವುದು. ಅಂದರೆ ‘ಸಬ್ಜೆಕ್ಟ್’ ಎಂದರೆ ಕೆಳಗೆ ಎಸೆಯಲ್ಪಟ್ಟವನು. ಕನ್ನಡದ ಅನುವಾದಕರು ಇದಕ್ಕೆ ‘ಒಳಪಟ್ಟು’ ಎಂಬ ಮಾತನ್ನು ಕೊಟ್ಟರು. ಇಲ್ಲಿ ಸೂಕ್ಷ್ಮವೊಂದಿದೆ. ಆ ಭಾಷೆಯಲ್ಲಿ ಷರತ್ತು ಮನುಷ್ಯನನ್ನು ಕೆಳಕ್ಕೆ ಕೆಡವಿತು. ನಮ್ಮಲ್ಲಿ ಒಳಕ್ಕೆ ಎಳೆದುಕೊಂಡು ಚಿಲಕ ಹಾಕಿತು. ಕೆಳಗೆ ಬಿದ್ದವನು ಎದ್ದಾನು; ಒಳಗೆ ಸಿಕ್ಕಿದವನಿಗೆ ಚಿಲಕ ತೆಗೆಯುವವರು ಬೇಕು. ಇನ್ನು ‘ಷರತ್ತು’, ‘ಕರಾರು’ ಎರಡೂ ಅರಬ್ಬಿ ಮೂಲದವು. ‘ನಿಬಂಧನೆ’ ಸಂಸ್ಕೃತದ್ದು. ಅದರಲ್ಲಿರುವ ಬಂಧವೇ ‘ಪ್ರಬಂಧ’ದಲ್ಲೂ ಇರುವುದನ್ನು ಓದುಗರು ಈ ಹೊತ್ತಿಗೆ ಅನುಭವದಿಂದ ಬಲ್ಲರು.

ವ್ಯಾಕರಣ ವಿಚಾರ

13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ‘ಸಬ್ಜೆಕ್ಟ್ ಟು’ ಇನ್ನೂ ಹಡಗು ಹತ್ತಿರಲಿಲ್ಲ. ಆಗಿನವರು ‘ಬಂದೊಡೆ’ ಎಂದುಕೊಂಡೇ ಸಂಸಾರ ತೂಗಿಸಿದರು. ಅದೇ ಸವೆದು ಸವೆದು ನಮ್ಮ ‘ಬಂದರೆ’ ಆಗಿದೆ. ಆ ‘ರೆ’ಗೆ ಒಂದು ದೀರ್ಘ ಊಕಾರ ತೊಡಿಸಿದರೆ ‘ಬಂದರೂ’. ಇಂಗ್ಲಿಷಿನ ಇಡೀ ಕಾನೂನುಶಾಸ್ತ್ರ ‘ಸಬ್ಜೆಕ್ಟ್ ಟು’ ಮತ್ತು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂಬ ಎರಡು ಕಂಬಗಳ ಮೇಲೆ ನಿಂತಿದೆಯಷ್ಟೆ. ಎರಡನೆಯದನ್ನು ಸಲೀಸಾಗಿ ಉಚ್ಚರಿಸಲು ವಕೀಲರಿಗೂ ಒಂದು ಲೋಟ ನೀರು ಬೇಕು. ಕನ್ನಡದಲ್ಲಿ ಮೊದಲ ಕಂಬ ‘ರೆ’, ಎರಡನೆಯದು ‘ರೂ’. ಮನೆಯಲ್ಲಿ ‘ಮಳೆ ಬಂದರೆ ಹೋಗಬೇಡ’ ಎಂಬ ಅಪ್ಪನ ವಿಧಿಯನ್ನು ‘ಮಳೆ ಬಂದರೂ ಹೋಗ್ತೀನಿ’ ಎಂಬ ಮಗ ಒಂದೇ ಸ್ವರದಲ್ಲಿ ರದ್ದುಗೊಳಿಸುತ್ತಾನೆ.

ಶಾಸನ ವಿಚಾರ

ಷರತ್ತು ಹಾಕುವುದು ನಮಗೆ ಹೊಸದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರ ಶಾಸನದಲ್ಲೇ ದಾನವನ್ನು ಕೆಡಿಸಿದವನಿಗೆ ಮಹಾಪಾತಕದ ಎಚ್ಚರಿಕೆಯಿದೆ. ಆಮೇಲಿನ ದಾನಶಾಸನಗಳು ಸೂರ್ಯಚಂದ್ರರಿರುವ ತನಕ ಅವಧಿ ಕೊಟ್ಟು, ತಪ್ಪಿದವರಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪವನ್ನು ನಿಗದಿ ಮಾಡುತ್ತವೆ. ಆದರೆ ಗಮನಿಸಿ: ಕಲ್ಲುಕುಟಿಗ ದಾನವನ್ನು ಕೆತ್ತಿದ ಅಳತೆಯಲ್ಲೇ ಶಾಪವನ್ನೂ ಕೆತ್ತಿದ. ‘ಭೂಮಿ ಉಚಿತ’ ಎಂದು ಮೊಳದುದ್ದ ಬರೆದು, ಪಕ್ಕದಲ್ಲೊಂದು ನಕ್ಷತ್ರ ಕೂರಿಸಿ, ಪಾಪದ ವಿವರವನ್ನು ಕಲ್ಲಿನ ಬುಡದಲ್ಲಿ ಇರುವೆಸಾಲಿನಂತೆ ಅಡಗಿಸುವ ವಿದ್ಯೆ ಆತನಿಗೆ ಹೊಳೆಯಲಿಲ್ಲ. ಆ ವಿದ್ಯೆಗೆ ಆಫ್‌ಸೆಟ್ ಮುದ್ರಣ ಬರಬೇಕಾಯಿತು.

ಪ್ರಮಾಣ ವಿಚಾರ

ಭಾರತ ಸಂವಿಧಾನದ 25ನೆಯ ಅನುಚ್ಛೇದ ಧರ್ಮಸ್ವಾತಂತ್ರ್ಯ ಕೊಡುವ ಮೊದಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ‘ಒಳಪಟ್ಟು’ ಎಂದು ಶುರುವಾಗುತ್ತದೆ. ದೇವರು ವಾಕ್ಯದ ಒಳಗೆ ಕಾಲಿಡುವಷ್ಟರಲ್ಲಿ ಷರತ್ತು ಚಾಪೆ ಹಾಸಿ ಕೂತಿರುತ್ತದೆ. ಕನ್ನಡದ ಮಟ್ಟಿಗೆ ಇನ್ನೂ ಮುಖ್ಯವಾದದ್ದು 345. ರಾಜ್ಯವೊಂದು ತನ್ನ ಆಡಳಿತ ಭಾಷೆಯನ್ನು ಆರಿಸಿಕೊಳ್ಳಬಹುದೆಂದು ಹೇಳುವ ಈ ಅನುಚ್ಛೇದದ ಮೊದಲ ಮಾತೇ ‘ಸಬ್ಜೆಕ್ಟ್ ಟು’. 1963ರ ರಾಜಭಾಷಾ ಅಧಿನಿಯಮ ಕನ್ನಡಕ್ಕೆ ಪಟ್ಟ ಕಟ್ಟಿದ್ದು ಈ ಬಾಗಿಲಿನಿಂದಲೇ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲಿರತಕ್ಕದ್ದು ಎನ್ನುವ 348 ಆರಂಭವಾಗುವುದು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ನಿಂದ: ಹಿಂದೆ ಏನೇ ಹೇಳಿದ್ದರೂ, ಸಂಸತ್ತು ಬೇರೆ ಕಾನೂನು ಮಾಡುವ ತನಕ. ಅಂದರೆ ಕನ್ನಡದ ಪಾಲಿಗೆ ‘ರೆ’, ಇಂಗ್ಲಿಷಿನ ಪಾಲಿಗೆ ‘ರೂ’. ನಮ್ಮದೇ ಊಕಾರ ಅವರ ಮನೆ ಸೇರಿಕೊಂಡಿದೆ.

1872ರ ಕರಾರು ಕಾಯ್ದೆಯ 36ನೆಯ ಕಲಮು ಅಸಾಧ್ಯ ಘಟನೆಗೆ ಗಂಟುಹಾಕಿದ ಕರಾರು ಶೂನ್ಯ ಎನ್ನುತ್ತದೆ. ಅದರ ಉದಾಹರಣೆಗಳು ಮನನೀಯ. ಒಂದು: ಎರಡು ಸರಳರೇಖೆಗಳು ಸೇರಿ ಒಂದು ಜಾಗವನ್ನು ಸುತ್ತುವರಿದರೆ ಸಾವಿರ ರೂಪಾಯಿ. ಇನ್ನೊಂದು: ನನ್ನ ಮಗಳನ್ನು ಮದುವೆಯಾದರೆ ಸಾವಿರ ರೂಪಾಯಿ, ಆದರೆ ಕರಾರಿನ ಹೊತ್ತಿಗೆ ಮಗಳು ತೀರಿಹೋಗಿದ್ದಾಳೆ. ರೇಖಾಗಣಿತವನ್ನೂ ಶೋಕವನ್ನೂ ಅಕ್ಕಪಕ್ಕ ಕೂರಿಸಿ ಎರಡಕ್ಕೂ ಒಂದೇ ದರ ಕಟ್ಟಿದ ಇಂಥ ನಿರ್ಲಿಪ್ತಿ ನಮ್ಮ ಯೋಗಿಗಳಿಗೂ ದುರ್ಲಭ.

ಪ್ರಭೇದಗಳು

ಪ್ರಚಲಿತ ‘ಸಬ್ಜೆಕ್ಟ್ ಟು’ಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಒಂದು, ಸ್ಥಳಾಧೀನ. ‘ಸಬ್ಜೆಕ್ಟ್ ಟು ಹುಬ್ಬಳ್ಳಿ ಜುರಿಸ್ಡಿಕ್ಷನ್’ ಎಂದು ಬಿಲ್ಲಿನ ಬುಡದಲ್ಲಿರುವುದು. ಕುಕ್ಕರು ಬೀದರಿನಲ್ಲಿ ಕೂಗದಿದ್ದರೂ ವ್ಯಾಜ್ಯ ಹುಬ್ಬಳ್ಳಿಯಲ್ಲೇ ಕೂಗಬೇಕು.

ಎರಡು, ಸಾಕ್ಷಾತ್ಕಾರಾಧೀನ. ಚೆಕ್ಕು ಕೊಟ್ಟಾಗ ರಸೀದಿಯ ಮೇಲೆ ಬೀಳುವ ‘ಸಬ್ಜೆಕ್ಟ್ ಟು ರಿಯಲೈಸೇಷನ್’. ಚೆಕ್ಕಿಗೆ ಸಾಕ್ಷಾತ್ಕಾರವಾದರೆ ಮಾತ್ರ ರಸೀದಿ ಸಿಂಧು. ಆಗದಿದ್ದರೆ ಸಾಕ್ಷಾತ್ಕಾರ ಕೊಟ್ಟವನಿಗೆ.

ಮೂರು, ಗ್ರಹಾಧೀನ. ಮ್ಯೂಚುಯಲ್ ಫಂಡ್ ಜಾಹೀರಾತಿನ ಕೊನೆಯ ಮಾರುಕಟ್ಟೆ ಅಪಾಯದ ಮಂತ್ರ. ಮುಹೂರ್ತ ಮೀರುತ್ತಿರುವಾಗ ಪುರೋಹಿತರು ಹಿಡಿಯುವ ವೇಗದಲ್ಲೇ ಇದನ್ನು ಪಠಿಸುವುದು ಬಹುಕಾಲ ಸಂಪ್ರದಾಯವಾಗಿತ್ತು. ಎರಡು ಕಡೆಯೂ ಅರ್ಥ ಗೊತ್ತಾಗುವುದು ಆಮೇಲೆ.

ನಾಲ್ಕು, ಸಾಹೇಬಾಧೀನ. ‘ಸಬ್ಜೆಕ್ಟ್ ಟು ಅಪ್ರೂವಲ್’. ಕಡತದಲ್ಲಿ ಇದರ ಕನ್ನಡ ರೂಪ ‘ಸಕ್ಷಮ ಪ್ರಾಧಿಕಾರದ ಅನುಮೋದನೆಗೆ ಒಳಪಟ್ಟು, ನಿಯಮಾನುಸಾರ’. ಸಕ್ಷಮ ಪ್ರಾಧಿಕಾರ ಯಾರೆಂದು ಹುಡುಕಿದವರು ವರ್ಗವಾಗಿದ್ದಾರೆ. ಲಗ್ನಪತ್ರಿಕೆಯೊಂದೇ ಈ ವಿಷಯದಲ್ಲಿ ಪಾರದರ್ಶಕ: ‘ಗುರುಹಿರಿಯರು ನಿಶ್ಚಯಿಸಿದಂತೆ’.

ಪೂರ್ವಪಕ್ಷ ಮತ್ತು ಸಿದ್ಧಾಂತ

‘ರೆ’ ಎಂಬ ಒಂದಕ್ಷರ ಕೈಯಲ್ಲಿರುವಾಗ ಜನ ಈ ನಾಲ್ಕಕ್ಷರದ ಭಾರ ಹೊರುವುದೇಕೆ? ಗತ್ತಿಗಾಗಿ ಎಂಬುದು ಪೂರ್ವಪಕ್ಷ. ಪ್ರಸ್ತುತ ಸಂಶೋಧಕ ಇದನ್ನು ಒಪ್ಪುವುದಿಲ್ಲ. ‘ರೆ’ಗೊಂದು ಚಾಳಿಯಿದೆ: ಅದು ಕ್ರಿಯಾಪದಕ್ಕೇ ಜೋತುಬೀಳುತ್ತದೆ. ಕ್ರಿಯಾಪದ ಬಂತೆಂದರೆ ಹಿಂದೆಯೇ ಕರ್ತೃ ಬರುತ್ತಾನೆ. ‘ಒಪ್ಪಿದರೆ’ ಎಂದು ಬಾಯಿಬಿಟ್ಟರೆ ಸಾಕು, ಎದುರಿಗಿರುವವನು ‘ಯಾರು?’ ಎನ್ನುತ್ತಾನೆ. ಆಗ ‘ಸಾಹೇಬರು’ ಎನ್ನಬೇಕು. ಸಾಹೇಬರಿಗೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲು ತಟ್ಟಲು ಜನಕ್ಕೆ ಕೈ. ‘ಸಬ್ಜೆಕ್ಟ್ ಟು ಅಪ್ರೂವಲ್’ನಲ್ಲಿ ಕ್ರಿಯಾಪದವಿಲ್ಲ, ಆದ್ದರಿಂದ ಸಾಹೇಬರೂ ಇಲ್ಲ. ಒಪ್ಪಿಗೆ ಆಕಾಶದಿಂದ ಇಳಿಯಬೇಕಾದ ಇಬ್ಬನಿ. ಸಬ್ಜೆಕ್ಟ್ ಎಂದರೆ ಕರ್ತೃ ಎಂದು ಶಾಲೆಯಲ್ಲಿ ಕಲಿಸುತ್ತಾರಲ್ಲ, ಆ ಕರ್ತೃವನ್ನು ಮರೆಮಾಡುವುದಕ್ಕೇ ‘ಸಬ್ಜೆಕ್ಟ್ ಟು’ ಇರುವುದು. ಇದೇ ಸಿದ್ಧಾಂತ.

ಕ್ಷೇತ್ರಕಾರ್ಯ

ಸಿದ್ಧಾಂತದ ಪರೀಕ್ಷೆ ಸಂಶೋಧಕನ ತಂಗಿಯ ಮದುವೆಗೆಂದು ಕಲ್ಯಾಣಮಂಟಪ ಗೊತ್ತುಮಾಡುವಾಗ ನಡೆಯಿತು. ಜೊತೆಯಲ್ಲಿದ್ದವರು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ದೊಡ್ಡಮ್ಮ. ಮ್ಯಾನೇಜರು ಅಡ್ವಾನ್ಸ್ ಎಣಿಸಿ ಡ್ರಾಯರಿಗೆ ಹಾಕಿ, ರಸೀದಿಯ ಬೆನ್ನು ತೋರಿಸಿದರು. ಗೋಡೆಗೆ ಮೊಳೆ ಹೊಡೆಯಕೂಡದು, ಕರೆಂಟು ಬಿಲ್ಲು ಪ್ರತ್ಯೇಕ, ಬಾಳೆಕಂದನ್ನು ಕಟ್ಟಿದವರೇ ಬಿಚ್ಚಿಕೊಂಡು ಹೋಗತಕ್ಕದ್ದು. ಕೊನೆಯ ಸಾಲು ಇಂಗ್ಲಿಷು.

“ನೀರು ಸಬ್ಜೆಕ್ಟ್ ಟು ಅವೈಲಬಿಲಿಟಿ ಸಾರ್,” ಎಂದರು ಮ್ಯಾನೇಜರು. ಸಂಶೋಧಕ ವಿದ್ಯಾವಂತನಾದ್ದರಿಂದ ತಲೆಯಾಡಿಸಿದ.

ದೊಡ್ಡಮ್ಮ ಎಲೆಯಡಿಕೆ ಚೀಲದ ದಾರ ಬಿಗಿದು ಕೇಳಿದರು: “ಯಾರಪ್ಪಾ ಅವ್ನು ಅವೈಲಬಿಲಿಟಿ? ಒಳಗವ್ನಾ? ಕರಿ, ನಾನು ಮಾತಾಡ್ತೀನಿ.”

“ಹಾಗಲ್ಲಮ್ಮಾ, ನೀರು ಬಂದರೆ ಬಿಡ್ತೀವಿ ಅಂತ.”

“ಬರದಿದ್ರೆ?”

ಮ್ಯಾನೇಜರು ಸಂಶೋಧಕನ ಮುಖ ನೋಡಿದರು. ಸಂಶೋಧಕ ರಸೀದಿಯ ಮುಖ ನೋಡಿದ.

“ಬರದಿದ್ರೆ... ಟ್ಯಾಂಕರ್ ತರಿಸ್ಬೇಕಮ್ಮಾ.”

“ತರಿಸ್ಬೇಕು ಅಂದ್ರೆ? ಯಾರು ತರಿಸ್ಬೇಕು?”

ಸ್ವಲ್ಪ ಹೊತ್ತು ಫ್ಯಾನಿನ ಸದ್ದೊಂದೇ ಕೇಳಿತು. “ನಾನೇ ತರಿಸ್ತೀನಿ,” ಎಂದರು ಮ್ಯಾನೇಜರು.

“ಹಂಗಂತ ಬರಿ.”

ಇಂಗ್ಲಿಷ್ ಸಾಲಿನ ಮೇಲೆ ಗೀಟು ಬಿತ್ತು. ಅದರ ಕೆಳಗೆ ನೀಲಿ ಬಾಲ್‌ಪೆನ್ನಿನಲ್ಲಿ, ಮೇಲಿನ ಸಾಲುಗಳಿಗಿಂತ ದಪ್ಪ ಅಕ್ಷರಗಳಲ್ಲಿ, ‘ನೀರು ಬರದಿದ್ದರೆ ಟ್ಯಾಂಕರ್ ನಾವೇ ತರಿಸುತ್ತೇವೆ’ ಎಂಬ ವಾಕ್ಯ ಮೂಡಿತು. ಪಕ್ಕದಲ್ಲಿ ರುಜು.

ಉಪಸಂಹಾರ

ಮದುವೆಯ ದಿನ ನೀರು ಬಂತೇ ಎಂಬ ಪ್ರಶ್ನೆ ಪರೀಕ್ಷಕರಿಂದ ಬರಬಹುದು. ಬಂತು. ಬರದಿದ್ದರೂ ಬರುತ್ತಿತ್ತು.