ವಸೂಲಿರಾಯನ ಜರ್ಮನಿ ಯಾತ್ರೆ

ವಸೂಲಿರಾಯನನ್ನು ನೀವು ನೋಡಿಯೇ ಇರುತ್ತೀರಿ. ಮೈಸೂರು ಮೃಗಾಲಯಕ್ಕೆ ಟಿಕೆಟ್ ಕೊಂಡರೆ ಮಲಗಿದ ಹುಲಿ ಎದ್ದು ಆಕಳಿಸುವ ತನಕ ಕಂಬಿ ಬಿಡದವನು. ಫುಲ್ ಮೀಲ್ಸ್ ಬೋರ್ಡಿನ ಹೋಟೆಲಿನಲ್ಲಿ ಹೊಟ್ಟೆ ಬಿರಿಯುತ್ತಿದ್ದರೂ ಮೂರನೇ ಸಲ ಅನ್ನ ಕೇಳುವವನು. ಇಂಥವನೊಬ್ಬ ಅರಸೀಕೆರೆಯಿಂದ ಹೋಗಿ ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. 2022ರ ಬೇಸಿಗೆಯಲ್ಲಿ ಅವನನ್ನು ಕೆಣಕಿದ್ದು ಜರ್ಮನ್ ಸರ್ಕಾರ.

ಕೊರೊನಾ ಎರಡು ವರ್ಷ ರೈಲುಗಳನ್ನು ಖಾಲಿ ಓಡಿಸಿತ್ತು. ಅದರ ಬೆನ್ನಿಗೇ ಉಕ್ರೇನ್ ಯುದ್ಧ ಬಂದು ಪೆಟ್ರೋಲ್ ಮುಟ್ಟಲಾಗದಂತಾಯಿತು. ಜನರ ಕೈಗೆ ಒಂದಿಷ್ಟು ಉಳಿಯಲಿ ಎಂದು ಜೂನ್, ಜುಲೈ, ಆಗಸ್ಟ್‌ಗೆ ಸರ್ಕಾರ ಒಂದು ಟಿಕೆಟ್ ತಂದಿತು: ತಿಂಗಳಿಗೆ 9 ಯೂರೋ, ಅಂದರೆ 700 ಚಿಲ್ಲರೆ ರೂಪಾಯಿ. ದೇಶದ ಯಾವ ಊರಿನ ಬಸ್ಸು, ಟ್ರಾಮು, ಮೆಟ್ರೋ, ಪ್ರಾದೇಶಿಕ ರೈಲನ್ನಾದರೂ ಹತ್ತಬಹುದಿತ್ತು; ಐಸಿಇಯಂಥ ವೇಗದ ರೈಲು ಮಾತ್ರ ಹತ್ತುವಂತಿರಲಿಲ್ಲ. 5 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. ಜರ್ಮನರು ಸಮುದ್ರ ನೋಡಲು, ಬೆಟ್ಟ ಏರಲು ರೈಲು ಹತ್ತಿದರು. ನಮ್ಮ ರಾಯ ರೈಲು ಹತ್ತುವುದಕ್ಕೆಂದೇ ರೈಲು ಹತ್ತಿದ.

ಶನಿವಾರ ಬೆಳಗಾದರೆ ಪುಳಿಯೋಗರೆ ಡಬ್ಬಿ, ಚಕ್ಕುಲಿ ಪೊಟ್ಟಣ, ಹೆಂಡತಿ, ಈ ಕ್ರಮದಲ್ಲಿ ಹೊರಡಿಸುತ್ತಿದ್ದ. ರೈಲಿನಲ್ಲಿ ಆಗ ಮಾಸ್ಕ್ ಇನ್ನೂ ಕಡ್ಡಾಯವಾಗಿತ್ತು, ತಿನ್ನುವಾಗ ಮಾತ್ರ ಇಳಿಸಬಹುದಿತ್ತು. ಆದ್ದರಿಂದ ಒಂದೇ ಚಕ್ಕುಲಿಯನ್ನು ಫ್ಯೂಸೆನ್ ಬರುವ ತನಕ, ಅಂದರೆ ಎರಡು ಗಂಟೆ, ಸುತ್ತು ಸುತ್ತಾಗಿ ತಿಂದ. ಅದರ ಹತ್ತಿರದಲ್ಲೇ ಲುಡ್ವಿಗ್ ದೊರೆ ಕಟ್ಟಿಸಿದ ನಾಯ್‌ಶ್ವಾನ್‌ಸ್ಟೈನ್ ಕೋಟೆಯಿದೆ. ಅದನ್ನು ನೋಡಲೆಂದೇ ಜಗತ್ತು ಬರುತ್ತದೆ.

“ರೀ, ಇಷ್ಟು ದೂರ ಬಂದು ಕೋಟೆ ಒಳಗೆ ಹೋಗದೆ ವಾಪಸ್ಸಾ?”

“ಅದಕ್ಕೆ ಬೇರೆ ಟಿಕೆಟ್ ಕಣೇ, 15 ಯೂರೋ! ಆ ದುಡ್ಡಲ್ಲಿ ತಿಂಗಳೆಲ್ಲಾ ಜರ್ಮನಿ ಸುತ್ತಿ ಚಿಲ್ಲರೆ ಉಳಿಸಬಹುದು.”

ಟಿಕೆಟ್ ಗಡಿಯಾಚೆ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ನಿಲ್ದಾಣದವರೆಗೂ ನಡೆಯುತ್ತದೆಂದು ತಿಳಿದ ದಿನ ರಾಯನಿಗೆ ನಿದ್ದೆ ಬರಲಿಲ್ಲ. ಹೋದ. ಪ್ಲಾಟ್‌ಫಾರ್ಮಿನ ಮೇಲೆ ಕೈಬೀಸಿ ನಾಲ್ಕು ಹೆಜ್ಜೆ ಹಾಕಿದ. ಊರೊಳಗಿನ ಬಸ್ಸಿಗೆ ಈ ಟಿಕೆಟ್ ಆಗದು ಎಂದು ಗೊತ್ತಾಗಿ ಮುಂದಿನ ರೈಲಿಗೇ ಮರಳಿದ. ಆಫೀಸಿನಲ್ಲಿ ಮಾತ್ರ “ವೀಕೆಂಡ್ ಆಸ್ಟ್ರಿಯಾದಲ್ಲಿದ್ದೆ” ಎಂದ, ಸುಳ್ಳೇನಲ್ಲ ಬಿಡಿ. ಹ್ಯಾಂಬರ್ಗಿಗೆ ಐಸಿಇಯಲ್ಲಿ ಸುಮಾರು 6 ಗಂಟೆಯ ದಾರಿ. ರಾಯ ರೈಲು ಬದಲಿಸುತ್ತಾ ಬದಲಿಸುತ್ತಾ, ಸೈಕಲ್ಲುಗಳ ಸಂದಿಯಲ್ಲಿ ಒಂಟಿಕಾಲಿನಲ್ಲಿ ನಿಂತು, ಅದರ ಎರಡರಷ್ಟು ಹೊತ್ತು ತೆಗೆದುಕೊಂಡ. “ಅದೇ ದುಡ್ಡಿಗೆ ಡಬಲ್ ಪ್ರಯಾಣ!” ಎನ್ನುವುದು ಅವನ ವಾದ.

ಪ್ರತಿ ಪ್ರಯಾಣದ ಮಾಮೂಲಿ ದರವನ್ನು ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ‘ಉಳಿತಾಯ’ ಎಂದು ಕೂಡಿಸುತ್ತಿದ್ದ. ಆಗಸ್ಟ್ ಮುಗಿಯುವ ಹೊತ್ತಿಗೆ ಮೊತ್ತ ನೋಡಿ ಅವನಿಗೇ ಗಂಟಲು ಕಟ್ಟಿತು. “ಅಷ್ಟೂ ದುಡ್ಡು ಎಲ್ಲಿದೆ ರೀ?” ಎಂದು ಹೆಂಡತಿ ಕೇಳಿದಳು. ಅರಸಿಕರಿಗೆ ಏನು ಹೇಳುವುದು!

2023ರ ಮೇ ತಿಂಗಳಲ್ಲಿ ಅಂಥದೇ ಟಿಕೆಟ್ 49 ಯೂರೋಗೆ ಬಂತು, 2025ರಲ್ಲಿ 58 ಆಯಿತು. ಬೆಲೆ ಏರಿದಂತೆ ವಸೂಲಿಯ ಹೊಣೆಯೂ ಏರಿತು. ತಿಂಗಳು ತಿಂಗಳೂ ತಾನಾಗಿ ಮುಂದುವರಿಯುವ ಈ ಟಿಕೆಟ್ ಬೇಡವೆನ್ನುವವರು ತಿಂಗಳ 10ರೊಳಗೆ ರದ್ದು ಮಾಡಬೇಕು. ರಾಯ 9ರ ರಾತ್ರಿ ಫೋನ್ ಹಿಡಿದು ಕೂರುತ್ತಾನೆ, ಇಲ್ಲಿಯತನಕದ ವಸೂಲಿ ಅರ್ಧಕ್ಕೆ ನಿಲ್ಲುತ್ತದಲ್ಲಾ ಎಂದು ಕೆಳಗಿಡುತ್ತಾನೆ.

ಹೆಂಡತಿ ಈಚೆಗೆ ಗೆಳತಿಯರ ಜೊತೆ ಹೋಗಿ ಕೋಟೆಯನ್ನು ಒಳಹೊಕ್ಕು ನೋಡಿ ಬಂದಳು. ಚೆನ್ನಾಗಿತ್ತಾ ಎಂದು ರಾಯ ಕೇಳಲಿಲ್ಲ. ಒಳಗೆ ಎಷ್ಟು ಹೊತ್ತು ಬಿಟ್ಟರು ಎಂದ. “ಅರ್ಧ ಗಂಟೆ” ಎಂದದ್ದೇ ತಡ, ಪುಸ್ತಕ ತೆಗೆದು ನಿಮಿಷಕ್ಕೆ ಎಷ್ಟು ಬಿತ್ತೆಂದು ಭಾಗಿಸಲು ಕೂತ.