ಕದ್ದ ಮಾಲಿನ ಕೈಫಿಯತ್ತು

ನಮ್ಮ ಬೆಕ್ಕಿನ ಫಜೀತಿ ಓಣಿಗೆಲ್ಲ ಗೊತ್ತು. ಮನೆಯಲ್ಲಿ ಇನ್ನು ಒಂದೇ ಕುಂಡ ಉಳಿಯಬೇಕೆಂದು ಮನೆಯಾಕೆಯ ಹುಕುಂ: ಮನಿ ಪ್ಲಾಂಟೋ, ಸ್ಪೈಡರ್ ಪ್ಲಾಂಟೋ? ಸ್ಪೈಡರ್ ಮಾತು ಕಡಿಮೆ. ಬಳ್ಳಿಯನ್ನೇ ಮಾತಿಗೆಳೆದೆ.

ಪ್ರಶ್ನೆ: ಬೆಕ್ಕು ನಿಮ್ಮ ಎಲೆ ಕಚ್ಚಿದ ದಿನ ಏನಾಯಿತು?

ಬಳ್ಳಿ: ಅದು ಬಿಡ್ರಿ, ಮೊದಲು ನನ್ನ ಕಥಿ ಕೇಳ್ರಿ. ಔರಾದದಾಗ ಹೋಟೆಲ್ ಕಿಟಕ್ಯಾಗ, ಸೋಡಾ ಬಾಟ್ಲ್ಯಾಗ ಆರಾಮಿದ್ದೆ. ಚಹಾಕ್ಕ ಬಂದ ಗಿರಾಕಿ ಚಿವುಟಿ ಕಿಸೆದಾಗ ಹಾಕ್ಕೊಂಡ. ಭಾಲ್ಕಿದಾಗ ಅವನ ನಾದಿನಿ ಕದ್ದಳು. ಆಮ್ಯಾಲ ನೀವು...

ಪ್ರಶ್ನೆ: ನಾನು ಕೇಳಿ ತಂದದ್ದು.

ಬಳ್ಳಿ: ರಾತ್ರಿ ಒಂಬತ್ತಕ್ಕ ಗೋಡಿ ಹತ್ತಿ ಯಾರನ್ನ ಕೇಳಿದ್ರಿ? ಕದ್ದರಷ್ಟೇ ಹಬ್ಬತೀನಂತ! ಗಣ್ಣಿನ ಕೆಳಗ ಕತ್ತರಿಸಿ ನೀರಾಗಿಟ್ರ ಸಾಕು, ಬೇರು ಬಿಡತೀನಿ. ಇಷ್ಟಕ್ಕ ಕಳ್ಳತನ ಯಾಕ ಬೇಕು?

ಪ್ರಶ್ನೆ: ನೀರು ಅಂದಿರಿ, ನೆನಪಾಯಿತು. ನೌಬಾದಿನ ಸುರಂಗ ಬಾವಿ ನೋಡಿದ್ದೀರಾ? 15ನೇ ಶತಮಾನದ ಬಹಮನಿ ಕಾಲದ್ದು. ಜಂಬಿಟ್ಟಿಗೆ ಕಲ್ಲು ಹೀರಿದ ಮಳೆನೀರು ಕೆಳಗಿನ ಕರಿಕಲ್ಲಿಗೆ ತಾಕಿ ಪಕ್ಕಕ್ಕೆ ಹರಿಯುತ್ತದಲ್ಲ, ಅದನ್ನು ಹಿಡಿದು ಇಳಿಜಾರು ಸುರಂಗದಲ್ಲಿ ಹರಿಸಿದರು. ಪಂಪಿಲ್ಲ, ಕರೆಂಟಿಲ್ಲ!

ಬಳ್ಳಿ: ಇದು ಪ್ರಶ್ನೆನೇನ್ರಿ?

ಪ್ರಶ್ನೆ: ಸರಿ. ಇಬ್ಬರಲ್ಲಿ ಯಾರ ಉಪಚಾರ ಸುಲಭ?

ಬಳ್ಳಿ: ನಂದೇ. ಮ್ಯಾಲಿನ ಮಣ್ಣು ಒಣಗಿದ ಮ್ಯಾಲ ನೀರು ಹಾಕ್ರಿ, ಮೇ ತಿಂಗಳ ಬಿಸಿಲಿಗಿ ನೇರ ಇಡಬ್ಯಾಡ್ರಿ, ಮುಗೀತು. ಸ್ಪೈಡರ್ ಸಾಹೇಬರೂ ದಪ್ಪ ಬೇರಿನಾಗ ನೀರು ಕೂಡಿಟ್ಟಾರ, ಖರೆ. ಆದ್ರ ನೀರಿನಾಗ ಫ್ಲೋರೈಡ್, ಉಪ್ಪು ಹೆಚ್ಚಾದ್ರ ಎಲಿ ತುದಿ ಕಂದುತದ. ಬೋರ್ ನೀರು ಅವರಿಗಿ...

ಪ್ರಶ್ನೆ: ಬೋರ್! ಸುರಂಗ ಬಾವಿ ಮರೆತು ಬೋರ್ ಕೊರೆದವರು ನಾವು...

ಬಳ್ಳಿ: ಮತ್ತ ಶುರು ಆತು. ನನ್ನ ಕಳವಿನ ಕೇಸು ಯಾವಾಗ ಬರಕೋತೀರಿ?

ಪ್ರಶ್ನೆ: ಬೆಕ್ಕಿನ ಕೇಸು ಮೊದಲು.

ಬಳ್ಳಿ: ನಾವು ಸುವರ್ಣಗಡ್ಡಿ, ಕೆಸುವಿನ ಮನಿತನದವರು. ತುರಿಕಿ ನಮ್ಮ ರಕ್ತದಾಗ ಅದ. ಓಡಾಕ ಕಾಲಿಲ್ಲ, ಒದಿಯಾಕ ಬರಂಗಿಲ್ಲ. ಸೂಜಿ ಅದಾವ. ತಿನ್ನಂತ ನಾ ಕರದಿದ್ದೆನೇನು?

ಕರೆದಿರಲಿಲ್ಲ. ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಸೂಜಿಯಂತೆ ನಾಲಿಗೆಗೆ ನಾಟಿ, ಆ ಮೂಕ ಜೀವ ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತ ನನ್ನ ಮುಂದೆಯೇ ಹೊರಳಿತು. ಸಾಯುವುದು ಅಪರೂಪವಂತೆ. ಆ ಒದ್ದಾಟ ನೋಡಿದವನಿಗೆ ಅದು ಸಮಾಧಾನವಲ್ಲ. ಲಕ್ಷ್ಮಿ ಬರುತ್ತಾಳೆ ಎಂದು ಹೇಳಿದವರಿದ್ದರು, ಆಗ್ನೇಯಕ್ಕೆ ಇಡಿ ಎಂದವರಿದ್ದರು. ಬೆಕ್ಕು, ನಾಯಿ, ಅಂಬೆಗಾಲಿನ ಕೂಸಿಗೆ ಎಟುಕದಂತೆ ಇಡಿ ಎಂದವರು ಒಬ್ಬರೂ ಇಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವ ಊರು ನಮ್ಮದು. ನಂದಿನಗರದ ತನಕ ಹೋಗಿ ಕೇಳಬಹುದಿತ್ತು. ಹತ್ತು ಸಲ ದಿಕ್ಕು ಕೇಳಿದ ನಾನು ಒಂದು ಸಲವೂ ವಿಷ ಕೇಳಲಿಲ್ಲ.

ಸ್ಪೈಡರ್ ಉಳಿಯಿತು. ಅದು ಬೆಕ್ಕಿಗೂ ನಾಯಿಗೂ ವಿಷವಲ್ಲ. ಅತಿಯಾಗಿ ಮೇಯ್ದರೆ ವಾಂತಿಯಾದೀತು, ಅಷ್ಟೆ. ಬಳ್ಳಿಯ ಕುಂಡವನ್ನು ಗೇಟಿನ ಹೊರಗಿಟ್ಟು ಚೀಟಿ ಅಂಟಿಸಿದೆ: ‘ಪುಕ್ಕಟೆ ಒಯ್ಯಿರಿ. ಬೆಕ್ಕಿದ್ದವರು ಬೇಡ.’

ಮೂರು ದಿನ ಯಾರೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಚೀಟಿ ಗಾಳಿಗೆ ಹಾರಿತು. ಅದೇ ರಾತ್ರಿ ಕುಂಡ ಕಳುವಾಯಿತು.