ಕ್ಯಾತ್ಸಂದ್ರ ಪರಿಸರದಲ್ಲಿ ಬಾಲ-ಡಿಜಿಟಲ್-ಪೌರತ್ವ: ಒಂದು ಬಹುಆಯಾಮಿ ಪರಿಶೀಲನೆ

ಮಕ್ಕಳು ಕಡ್ಡಾಯವಾಗಿ ಕಲಿಯಬೇಕಾದ, ಕಲಿಸುವವರಿಗೆ ಮಾತ್ರ ಸಂಪೂರ್ಣ ವಿನಾಯಿತಿ ಇರುವ ಮೌಲ್ಯಗಳ ಸಮುಚ್ಚಯವೇ ಡಿಜಿಟಲ್ ಪೌರತ್ವ. ಅಮೆರಿಕದ ಮೈಕ್ ರಿಬಲ್ ಇದಕ್ಕೆ ಒಂಬತ್ತು ಅಂಗಗಳನ್ನು ಗುರುತಿಸಿದ್ದಾರೆ. ಟೋಲ್‌ಗೇಟಿನಿಂದ ಸಿದ್ಧಗಂಗಾ ಮಠದ ರಸ್ತೆಯವರೆಗಿನ ಅಧ್ಯಯನ ಕ್ಷೇತ್ರಕ್ಕೆ ನಾಲ್ಕು ಸಾಕು. ಉಳಿದವು ತರಬೇತಿಯ ಊಟದ ವಿರಾಮದಲ್ಲಿ ಕಳೆದುಹೋಗುತ್ತವೆ.

ಮೊದಲನೆಯದು ಸಾಧನ-ಸಂಯಮ. ಇದರ ಪ್ರಾತ್ಯಕ್ಷಿಕೆಯನ್ನು ಯಾವುದೇ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಕಾಣಬಹುದು. ಬೆಣ್ಣೆ ಕರಗುವವರೆಗೂ ತಂದೆ ಇಡ್ಲಿಯ ರೀಲ್ ಮಾಡುತ್ತಾನೆ. ತಾಯಿ ತನ್ನ ಮೊಬೈಲನ್ನು ಮಗುವಿನ ಮುಂದೆ ನಿಲ್ಲಿಸಿ ತುತ್ತಿಡುತ್ತಾಳೆ. ಪಾರಿಭಾಷಿಕವಾಗಿ ಇದು ‘ಪೋಷಕಾಂಶ-ಪರದೆ-ಸಮನ್ವಯ’. ಅದೇ ಮಗು ಐದನೇ ಕ್ಲಾಸಿಗೆ ಬಂದಾಗ ‘ಮೊಬೈಲ್ ಗೀಳು’ ಎಂಬ ಶೀರ್ಷಿಕೆಯಡಿ ಪೋಷಕರ ಸಭೆಯಲ್ಲಿ ಚರ್ಚೆಗೆ ಬರುತ್ತದೆ.

ಎರಡನೆಯದು ಮಾಹಿತಿ-ವಿವೇಕ: ಪರಿಶೀಲಿಸದೆ ಯಾವುದನ್ನೂ ಫಾರ್ವರ್ಡ್ ಮಾಡಬಾರದು. ಈ ನಿಯಮವನ್ನು ಸಾರುವ ಸಂದೇಶ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬರುವುದು, ಯುನೆಸ್ಕೋ ನಮ್ಮ ರಾಷ್ಟ್ರಗೀತೆಗೆ ಮೊದಲ ಸ್ಥಾನ ಕೊಟ್ಟಿತೆಂಬ ಸುಳ್ಳಿನ ಬೆನ್ನಿಗೇ. ಇಲ್ಲಿ ಪರಿಭಾಷೆ ಸಾಲದು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗುಂಪಿನ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ವದಂತಿ ಹಬ್ಬಿದ್ದು ವಾಟ್ಸಾಪಿನಲ್ಲಿ. ಹಬ್ಬಿಸಿದವರು, ಕಲ್ಲೆತ್ತಿದವರು ಐದನೇ ಕ್ಲಾಸಿನವರಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು. ಅದೇ ತಿಂಗಳು ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸುವುದಾಗಿ ವಾಟ್ಸಾಪ್ ಕಂಪನಿ ಹೇಳಿತು. ನಮ್ಮ ಅಧ್ಯಯನ ಕ್ಷೇತ್ರದಲ್ಲಿ ದೊಡ್ಡವರಿಗಾಗಿ ಕಾರ್ಯಾಗಾರ ಮಾತ್ರ ಇಂದಿಗೂ ಯಾರಿಗೂ ಹೊಳೆದಂತಿಲ್ಲ.

ಮೂರನೆಯದು ಖಾಸಗಿತನ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ಅವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕು. ಆದರೆ ಶಾಲೆಯಲ್ಲಿ ಮೊಟ್ಟೆ ಕೊಟ್ಟದ್ದಕ್ಕೆ ಫೋಟೋ, ಶೂ ಕೊಟ್ಟದ್ದಕ್ಕೆ ಫೋಟೋ ಬೇಕೇ ಬೇಕು. ಶೂ ಹಿಡಿದು ನಿಂತ ಬರಿಗಾಲಿನ ಹುಡುಗನ ಮುಖ ಹತ್ತು ಗ್ರೂಪುಗಳಿಗೆ ಹೋಗುತ್ತದೆ. ಅವನನ್ನು ಕೇಳಿದವರಿಲ್ಲ.

ನಾಲ್ಕನೆಯ ಅಂಗದ ಹೆಸರು ಉದ್ದವಾಗಿದೆ, ಬಿಡಬಹುದು.

ಇತಿಹಾಸವೂ ಸಂಕ್ಷಿಪ್ತ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲಿಲ್ಲದ ಮಗು ಪಾಠದಿಂದಲೇ ಹೊರಗುಳಿಯಿತು. ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮೇಷ್ಟ್ರುಗಳು ಗುಡಿಯ ಜಗಲಿ, ಮರದ ನೆರಳು ಹುಡುಕಿಕೊಂಡು ಹೋಗಿ ಕಲಿಸಿದರು. ಡಿಜಿಟಲ್ ಪೌರತ್ವದ ಪ್ರೌಢ ಪಿಪಿಟಿಗಳಲ್ಲಿ ಆ ಜಗಲಿಗಳಿಗೆ ಸ್ಥಾನವಿಲ್ಲ.

ತರಬೇತಿಯ ಮೌಲ್ಯಮಾಪನದ ಮಾನದಂಡಗಳು ಹಾಜರಾತಿ, ಬ್ಯಾನರ್ ಮತ್ತು ಜಿಪಿಎಸ್ ಫೋಟೋ. ಫೋಟೋ ತಿರುಚಿ ಯಾರೋ ಬೆದರಿಸುತ್ತಿದ್ದರೆ ಹುಡುಗಿ ಯಾರಿಗೆ ಹೇಳಬೇಕೆಂಬ ಪ್ರಶ್ನೆ ಅವುಗಳಲ್ಲಿಲ್ಲ. ಮನೆಯಲ್ಲಿ ಹೇಳಿದರೆ ಮೊದಲು ಫೋನು ಹೋಗುತ್ತದೆ, ಆಮೇಲೆ ಕಾಲೇಜು. ಇದು ಗೊತ್ತಿರುವುದರಿಂದಲೇ ಅವಳು ಹೇಳುವುದಿಲ್ಲ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಇರುವುದು ಕೊನೆಯ ಸ್ಲೈಡಿನಲ್ಲಿ, ವಂದನಾರ್ಪಣೆಯ ನಂತರ.